ಹಳೆಯ ಕಾರಿಗೆ ಹುಟ್ಟಿದಾಗಿನ ರೂಪ

ಗೋಡೆಗೆ ತೂಗುಹಾಕಿದ ಹಳೆಯ ಕ್ಯಾಲೆಂಡರನ್ನು ತೆಗೆದಾಗ ಅದರ ಹಿಂದಿನ ಗೋಡೆಯನ್ನು ಎಂದಾದರೂ ಗಮನಿಸಿದ್ದೀರಾ? ಸುತ್ತಲಿನ ಬಣ್ಣ ಮಾಸಿರುತ್ತದೆ. ಕ್ಯಾಲೆಂಡರ್ ಇದ್ದ ಜಾಗ ಮಾತ್ರ ಮೊನ್ನೆ ಮೊನ್ನೆ ಬಳಿದಂತೆ ಕಾಣುತ್ತದೆ. ಏಕೆ ಹೀಗೆ? ಆ ಜಾಗಕ್ಕೆ ಬೆಳಕು, ಹೊಗೆ, ದೂಳು ಹೆಚ್ಚು ತಾಗಿಲ್ಲ. ಗೋಡೆಗೆ ಮೊದಲು ಯಾವ ಬಣ್ಣ ಇತ್ತು ಎಂಬುದಕ್ಕೆ ಆ ಚೌಕವೇ ಸಾಕ್ಷಿ.

ಹಳೆಯ ಕಾರುಗಳ ಮೈಮೇಲೂ ಇಂತಹ ಸಾಕ್ಷಿಗಳು ಇರುತ್ತವೆ. ಅವುಗಳನ್ನು ಹುಡುಕಿ, ಕಾರಿಗೆ ಅದು ಕಾರಖಾನೆಯಿಂದ ಹೊರಬಂದ ದಿನದ ರೂಪವನ್ನು ಮತ್ತೆ ಕೊಡುವುದು ಒಂದು ವಿಶೇಷ ಕೆಲಸ. ಅದಕ್ಕೆ ಮೆಕ್ಯಾನಿಕ್‌ನ ಕೈಚಳಕ ಬೇಕು, ಪತ್ತೇದಾರನ ಕಣ್ಣು ಬೇಕು, ಜೊತೆಗೆ ವಿಜ್ಞಾನವೂ ಬೇಕು. ಬನ್ನಿ, ಆ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯೋಣ.

ಚಿಂತಾಮಣಿಯ ಒಬ್ಬರು ಗುಜರಿಗೆ ಹೋಗಲಿದ್ದ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡು ತಂದರು ಎಂದುಕೊಳ್ಳಿ. ಮೇಲೆ ಬಿಳಿ ಬಣ್ಣ. ಬಾಗಿಲ ಕೆಳಗೆ ತುಕ್ಕು. ಬಂಪರಿನ ಹೊಳಪು ಹೋಗಿದೆ. ಸೀಟು ಹರಿದು ತೆಂಗಿನ ನಾರು ಹೊರಗೆ ಬಂದಿದೆ. ‘ಎಲ್ಲವನ್ನೂ ಕೆರೆದುಹಾಕಿ, ಹೊಸ ಬಣ್ಣ ಹೊಡೆಸಿದರೆ ಆಯಿತಲ್ಲ?’ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗೆ ಮಾಡಿದರೆ ಕಾರು ಹೊಳೆಯುತ್ತದೆ ನಿಜ. ಆದರೆ ಅದು ಮೂಲ ರೂಪವಲ್ಲ, ಇನ್ನೊಂದು ಹೊಸ ವೇಷ ಅಷ್ಟೆ. ಕೆರೆದು ಬಿಸಾಡಿದ ಪುಡಿಯ ಜೊತೆಗೆ ಕಾರಿನ ಮೊದಲ ಬಣ್ಣದ ಗುರುತೂ ಹೋಗಿಬಿಡುತ್ತದೆ. ಮತ್ತೆ ಅದನ್ನು ತರಲು ಯಾರಿಂದಲೂ ಆಗದು. ಆದ್ದರಿಂದ ಈ ಕೆಲಸದ ಮೊದಲ ನಿಯಮ: ಮೊದಲು ಓದು, ಆಮೇಲೆ ಉಜ್ಜು.

ಹಳೆಯ ಕಾರು ಏಕೆ ಮುಖ್ಯ?

ಹಳೆಯ ಕಾರು ಎಂದರೆ ಬರೀ ಕಬ್ಬಿಣವಲ್ಲ. ಅದು ಒಂದು ಕಾಲದ ಜನರ ತಿಳಿವಳಿಕೆಯ ದಾಖಲೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ನಿಮಗೆ ಗೊತ್ತೇ ಇದೆ. ಅಣೆಕಟ್ಟು ಕಟ್ಟಿದ ಈ ಎಂಜಿನಿಯರ್ ಕಾರು ಕಾರಖಾನೆಯ ಕನಸನ್ನೂ ಕಂಡಿದ್ದರು. ಭಾರತದಲ್ಲಿ ಓಡುವ ಕಾರುಗಳು ಭಾರತದಲ್ಲೇ ತಯಾರಾಗಬೇಕು ಎಂಬುದು ಅವರ ಹಟ. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪ್ ಮತ್ತು ಅಮೆರಿಕಗಳ ಕಾರಖಾನೆಗಳನ್ನು ನೋಡಿಬಂದು ಇದಕ್ಕಾಗಿ ಯೋಜನೆ ಸಿದ್ಧಪಡಿಸಿದರು. ಆಗ ಬ್ರಿಟಿಷರ ಆಳ್ವಿಕೆ ಇತ್ತು. ಯೋಜನೆಗೆ ಬೇಕಾದ ಬೆಂಬಲ ಸಿಗಲಿಲ್ಲ.

1942ರಲ್ಲಿ ಹಿಂದೂಸ್ತಾನ್ ಮೋಟಾರ್ಸ್, 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಗಳು ಹುಟ್ಟಿದವು. ಹಿಂದೂಸ್ತಾನ್ ಮೋಟಾರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಕಾರೇ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1950ರ ದಶಕದ ಕೊನೆಗೆ ಆರಂಭವಾದ ಇದರ ತಯಾರಿಕೆ 2014ರಲ್ಲಿ ನಿಂತಿತು. ನಮ್ಮ ದೇಶ ಕಾರು ಮಾಡಲು ಕಲಿತ ಕಥೆಯ ಒಂದೊಂದು ಪುಟ ಇಂತಹ ಒಂದೊಂದು ಹಳೆಯ ಕಾರಿನಲ್ಲಿದೆ. ಪುಟ ಹರಿದುಹೋದರೆ ಕಥೆಯೂ ಹೋಗುತ್ತದೆ.

ಕಾರಿನ ‘ಜಾತಕ’ ಓದುವುದು

ಮೊದಲು ತಿಳಿಯಬೇಕಾದದ್ದು ಕಾರಿನ ವಯಸ್ಸು. ಪ್ರತಿ ಕಾರಿಗೂ ಎರಡು ಮುಖ್ಯ ಸಂಖ್ಯೆಗಳಿರುತ್ತವೆ. ಒಂದು ಎಂಜಿನ್ ಸಂಖ್ಯೆ, ಇನ್ನೊಂದು ಚಾಸಿ ಸಂಖ್ಯೆ. ಇವನ್ನು ಲೋಹದ ಮೇಲೇ ಅಚ್ಚೊತ್ತಿರುತ್ತಾರೆ. ನೋಂದಣಿ ಪುಸ್ತಕದಲ್ಲೂ ಬರೆದಿರುತ್ತಾರೆ. ಎರಡೂ ಕಡೆಯ ಸಂಖ್ಯೆ ಒಂದೇ ಆಗಿದ್ದರೆ ಎಂಜಿನ್ ಬದಲಾಗಿಲ್ಲ ಎಂದು ತಿಳಿಯಬಹುದು.

ನಂಬರ್ ಪ್ಲೇಟು ಕೂಡ ಕಥೆ ಹೇಳುತ್ತದೆ. ಚಿಕ್ಕಬಳ್ಳಾಪುರದ ವಾಹನಗಳ ಸಂಖ್ಯೆ ‘ಕೆಎ 40’ ಎಂದು ಆರಂಭವಾಗುವುದನ್ನು ನೀವು ನೋಡಿದ್ದೀರಿ. ಆದರೆ 1960ರ ದಶಕದ ಕಾರಿಗೆ ಈ ಸಂಖ್ಯೆ ಇರಲು ಸಾಧ್ಯವೇ? ಇಲ್ಲ. ಆಗ ನಮ್ಮ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕ ಆದದ್ದು 1973ರ ನವೆಂಬರ್ 1ರಂದು. ಮೈಸೂರು ರಾಜ್ಯದ ವಾಹನಗಳ ಸಂಖ್ಯೆ ‘ಎಂ ವೈ’ ಅಕ್ಷರಗಳಿಂದ ಆರಂಭವಾಗುತ್ತಿತ್ತು. ಇನ್ನು ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದು 2007ರಲ್ಲಿ. ಹೀಗೆ ನಾಲ್ಕು ಅಕ್ಷರ ನೋಡಿಯೇ ಇತಿಹಾಸ ಹೇಳಬಹುದು!

ಮುಂಭಾಗದ ಗ್ರಿಲ್, ಬಾನೆಟ್‌ನ ಆಕಾರ, ಡ್ಯಾಶ್‌ಬೋರ್ಡಿನ ಜೋಡಣೆ ಇವೂ ಕಾಲಕಾಲಕ್ಕೆ ಬದಲಾಗಿವೆ. ಅದೇ ವರ್ಷದ ಇನ್ನೊಂದು ಕಾರು, ಕಂಪನಿಯ ಕೈಪಿಡಿ, ಹಳೆಯ ಫೋಟೋ ಇವುಗಳ ಜೊತೆ ಹೋಲಿಸಿ ನೋಡಬೇಕು. ಫೋಟೋ ನೋಡುವಾಗ ಮಾತ್ರ ಎಚ್ಚರ ಬೇಕು. ಬಹಳ ಹಳೆಯ ಕಪ್ಪು-ಬಿಳುಪು ಫಿಲ್ಮುಗಳಿಗೆ ಕೆಂಪು ಬೆಳಕು ತಿಳಿಯುತ್ತಿರಲಿಲ್ಲ. ಹಾಗಾಗಿ ಕೆಂಪು ಕಾರು ಅಂತಹ ಫೋಟೋದಲ್ಲಿ ಕಪ್ಪಾಗಿಯೇ ಕಾಣುತ್ತದೆ. ಫೋಟೋ ಸುಳ್ಳು ಹೇಳದು. ಆದರೆ ಅದನ್ನು ಓದಲು ನಮಗೆ ತಿಳಿದಿರಬೇಕು.

ಮುಚ್ಚಿದ ಜಾಗದಲ್ಲಿ ಸಿಗುವ ಬಣ್ಣ

ಈಗ ಕ್ಯಾಲೆಂಡರಿನ ಹಿಂದಿನ ಗೋಡೆಯನ್ನು ನೆನಪಿಸಿಕೊಳ್ಳಿ. ಕಾರಿನಲ್ಲಿ ಬೆಳಕು ತಾಗದ ಜಾಗಗಳು ಯಾವುವು? ಡ್ಯಾಶ್‌ಬೋರ್ಡಿನ ಹಿಂಭಾಗ, ಸೀಟಿನ ಅಡಿ, ಬಾಗಿಲಿನ ಒಳಗಿನ ಹೊದಿಕೆಯ ಹಿಂದೆ, ಹೆಡ್‌ಲೈಟಿನ ಬಳೆಯ ಕೆಳಗೆ, ಡಿಕ್ಕಿಯ ಮೂಲೆ. ಮತ್ತೆ ಬಣ್ಣ ಹೊಡೆಯುವವರು ಸಾಮಾನ್ಯವಾಗಿ ಇವನ್ನೆಲ್ಲ ಬಿಚ್ಚುವುದಿಲ್ಲ. ಹಾಗಾಗಿ ಮೊದಲ ಬಣ್ಣ ಅಲ್ಲಿ ಸುರಕ್ಷಿತವಾಗಿ ಉಳಿದಿರುತ್ತದೆ.

ಇನ್ನೊಂದು ವಿಧಾನವೂ ಇದೆ. ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಕಾರಿನ ಒಂದು ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲ ಮಾತ್ರ ಮೆಲ್ಲಗೆ ಉಜ್ಜುತ್ತಾರೆ. ಆಗ ಒಂದರ ಸುತ್ತ ಒಂದು ಬಣ್ಣದ ಉಂಗುರಗಳು ಮೂಡುತ್ತವೆ. ಹೊರಗಿನ ಉಂಗುರ ಬಿಳಿ. ಅದರ ಒಳಗೆ ಕಪ್ಪು. ಅದರ ಒಳಗೆ ತಿಳಿ ನೀಲಿ. ಅದಕ್ಕೂ ಒಳಗೆ ಪ್ರೈಮರ್ ಎಂಬ ತಳಬಣ್ಣ. ನಡುವೆ ಬರಿಯ ಲೋಹ. ಕಡಿದ ಮರದ ಬುಡದಲ್ಲಿ ಉಂಗುರಗಳನ್ನು ನೋಡಿದ್ದೀರಲ್ಲ? ಅಲ್ಲಿ ಹಾಗೆಯೇ ಇಲ್ಲೂ ಒಳಗಿನದು ಹಳೆಯದು, ಹೊರಗಿನದು ಹೊಸದು.

ಈ ಉಂಗುರಗಳಿಂದ ಏನು ತಿಳಿಯಿತು? ನಮ್ಮ ಬಿಳಿ ಅಂಬಾಸಿಡರ್ ಹುಟ್ಟಿದಾಗ ತಿಳಿ ನೀಲಿ ಬಣ್ಣದ್ದು. ಆಮೇಲೆ ಎಂದೋ ಕಪ್ಪು ಬಣ್ಣ ಬಳಿದಿದ್ದಾರೆ. ಆಗ ಅದು ಟ್ಯಾಕ್ಸಿಯಾಗಿ ಓಡಿರಬಹುದೇ? ಛಾವಣಿಯಲ್ಲೂ ಹೀಗೆಯೇ ಉಜ್ಜಿ ನೋಡಬೇಕು. ಅಲ್ಲಿ ಕಪ್ಪಿನ ಬದಲು ಹಳದಿ ಸಿಕ್ಕರೆ ಊಹೆಗೆ ಬಲ ಬರುತ್ತದೆ. ಊಹೆ ಮಾಡುವುದು, ಸಾಕ್ಷಿ ಹುಡುಕುವುದು, ಸಾಕ್ಷಿ ಸಿಗದಿದ್ದರೆ ಊಹೆಯನ್ನು ಬಿಡುವುದು, ಇದೇ ಅಲ್ಲವೇ ವಿಜ್ಞಾನದ ದಾರಿ?

ಬಣ್ಣಕ್ಕೂ ಒಂದು ಇತಿಹಾಸ

ಆರಂಭದ ಕಾರುಗಳಿಗೆ ಕುದುರೆಗಾಡಿಗಳಿಗೆ ಬಳಿಯುತ್ತಿದ್ದ ಎಣ್ಣೆ ಬಣ್ಣ ಮತ್ತು ವಾರ್ನಿಷನ್ನೇ ಬ್ರಷ್‌ನಿಂದ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಅಮೆರಿಕದ ಹೆನ್ರಿ ಫೋರ್ಡರ ಕಾರಖಾನೆ 1908ರಿಂದ 1927ರವರೆಗೆ ‘ಮಾಡೆಲ್ ಟಿ’ ಎಂಬ ಕಾರನ್ನು ಒಂದೂವರೆ ಕೋಟಿಯಷ್ಟು ತಯಾರಿಸಿತು. 1914ರಿಂದ 1925ರವರೆಗೆ ಅದು ಸಿಗುತ್ತಿದ್ದದ್ದು ಕಪ್ಪು ಬಣ್ಣದಲ್ಲಿ ಮಾತ್ರ. ಯಾರಾದರೂ 1920ರ ‘ಮಾಡೆಲ್ ಟಿ’ ಕಾರನ್ನು ಕೆಂಪು ಬಣ್ಣದಲ್ಲಿ ತೋರಿಸಿ ‘ಇದೇ ಮೂಲ ಬಣ್ಣ’ ಎಂದರೆ ನೀವು ಈಗ ಏನು ಕೇಳುತ್ತೀರಿ?

1920ರ ದಶಕದಲ್ಲಿ ಹೊಸದೊಂದು ಬಣ್ಣ ಬಂತು. ಅದನ್ನು ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದ ಜೊತೆ ಸೇರಿಸಿ ಪಡೆದ ನೈಟ್ರೊಸೆಲ್ಯುಲೋಸ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು. ಅದು ಗಂಟೆಗಳಲ್ಲಿ ಒಣಗುತ್ತಿತ್ತು. ಗಾಳಿಯ ಒತ್ತಡದಿಂದ ಸಿಂಪಡಿಸಲೂ ಬರುತ್ತಿತ್ತು. ಬಗೆಬಗೆಯ ಬಣ್ಣದ ಕಾರುಗಳು ರಸ್ತೆಗೆ ಬರಲು ಇದು ದೊಡ್ಡ ಕಾರಣ. ಆದ್ದರಿಂದ ಮೂಲ ರೂಪ ಬೇಕೆಂದರೆ ಬಣ್ಣದ ಹೆಸರು ತಿಳಿದರೆ ಸಾಲದು. ಅದು ಯಾವ ಬಗೆಯ ಬಣ್ಣ, ಅದರ ಹೊಳಪು ಎಷ್ಟು ಎಂಬುದೂ ತಿಳಿಯಬೇಕು. ಇಂದಿನ ಬಣ್ಣಗಳು ಕನ್ನಡಿಯಂತೆ ಹೊಳೆಯುತ್ತವೆ. ಅಷ್ಟು ಹೊಳಪು ನೂರು ವರ್ಷ ಹಿಂದಿನ ಕಾರಿಗೆ ಒಪ್ಪುವುದಿಲ್ಲ.

ಬಿಸಿಲಿಗೆ ನಿಂತ ಹಳೆಯ ಕಾರನ್ನು ಮುಟ್ಟಿದರೆ ಕೆಲವೊಮ್ಮೆ ಸುಣ್ಣದಂತಹ ಪುಡಿ ಅಂಟುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣವನ್ನು ಹಿಡಿದಿಟ್ಟ ಅಂಟನ್ನು ಹಾಳುಮಾಡಿರುವುದೇ ಇದಕ್ಕೆ ಕಾರಣ. ಆದರೆ ಕೆಟ್ಟಿರುವುದು ಮೇಲಿನ ತೆಳು ಪದರ ಮಾತ್ರ. ಮೆದು ಬಟ್ಟೆ ಮತ್ತು ಪಾಲಿಶ್‌ನಿಂದ ಅದನ್ನು ತೆಗೆದರೆ ಅಡಿಯ ಮೂಲ ಬಣ್ಣವೇ ಮತ್ತೆ ಕಾಣಬಹುದು. ಎಲ್ಲ ಕಡೆ ಹೊಸ ಬಣ್ಣ ಬೇಕಾಗಿಯೇ ಇಲ್ಲ!

ತುಕ್ಕು ಎಂಬ ಶತ್ರು

ಕಬ್ಬಿಣಕ್ಕೆ ಗಾಳಿಯ ಆಮ್ಲಜನಕ ಮತ್ತು ನೀರು ಎರಡೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಇದ್ದರೆ ಈ ಕ್ರಿಯೆ ಇನ್ನಷ್ಟು ಬೇಗ ನಡೆಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರ್. ಮಂಗಳೂರು, ಉಡುಪಿ ಕಡೆ 3,500 ಮಿಲಿಮೀಟರಿಗೂ ಹೆಚ್ಚು. ಜೊತೆಗೆ ಅಲ್ಲಿ ಸಮುದ್ರದ ಉಪ್ಪು ಗಾಳಿ. ಹಾಗಾದರೆ ಒಂದೇ ವರ್ಷದ ಎರಡು ಕಾರುಗಳನ್ನು ಗೌರಿಬಿದನೂರಿನಲ್ಲೊಂದು, ಮಂಗಳೂರಿನಲ್ಲೊಂದು ಬಯಲಲ್ಲಿ ನಿಲ್ಲಿಸಿದರೆ ಯಾವುದು ಬೇಗ ತುಕ್ಕು ಹಿಡಿಯುತ್ತದೆ? ನೀವೇ ಹೇಳಿ.

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಅದು ಬಣ್ಣದ ಅಡಿಯಲ್ಲಿ ಉಬ್ಬಿ, ಗುಳ್ಳೆ ಎಬ್ಬಿಸಿ, ಹಕ್ಕಳೆಯಾಗಿ ಉದುರುತ್ತದೆ. ಆಗ ಒಳಗಿನ ಹೊಸ ಕಬ್ಬಿಣ ಗಾಳಿಗೆ ಸಿಕ್ಕಿ ಅದೂ ತುಕ್ಕಾಗುತ್ತದೆ. ಕೊನೆಗೆ ತಗಡು ತೂತಾಗುತ್ತದೆ.

ಮೇಲ್ಮೈಯ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾರೆ. ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ದ್ರಾವಣ ಹಚ್ಚುತ್ತಾರೆ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಎಂಬ ಗಟ್ಟಿ ಪದರವಾಗಿ ಮಾರ್ಪಡಿಸುತ್ತದೆ. ತೂತಾದ ಭಾಗವನ್ನು ಮಾತ್ರ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡನ್ನು ವೆಲ್ಡಿಂಗ್ ಮಾಡಿ ಕೂಡಿಸುತ್ತಾರೆ. ಕೆಲವರು ತೂತಿಗೆ ಬರೀ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆಯುವುದುಂಟು. ಒಳಗೆ ತುಕ್ಕು ಮಾತ್ರ ಹಾಗೆಯೇ ತಿನ್ನುತ್ತಿರುತ್ತದೆ. ಈ ಮೋಸವನ್ನು ಕಂಡುಹಿಡಿಯುವುದು ಸುಲಭ. ಒಂದು ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆ ಆಡಿಸಿ. ಕಬ್ಬಿಣದ ತಗಡು ಇದ್ದಲ್ಲಿ ಅದು ಗಟ್ಟಿಯಾಗಿ ಹಿಡಿಯುತ್ತದೆ. ದಪ್ಪ ಪುಟ್ಟಿ ಇದ್ದಲ್ಲಿ ಜಾರಿಬಿಡುತ್ತದೆ!

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಹೊಸ ಕಬ್ಬಿಣದ ಮೊಳೆ 5, ಗಾಜಿನ ಲೋಟ ಅಥವಾ ಬಾಟಲಿ 5, ಉಪ್ಪು, ಕಡಲೆಕಾಯಿ ಎಣ್ಣೆ, ಒಂದು ಚಮಚ ಅಕ್ಕಿ, ಉಗುರುಬಣ್ಣ.

1. ಮೊದಲ ಬಾಟಲಿಗೆ ಹುರಿದು ಆರಿಸಿದ ಅಕ್ಕಿ ಹಾಕಿ, ಮೊಳೆ ಇಟ್ಟು, ಮುಚ್ಚಳ ಬಿಗಿ ಮಾಡಿ. ಅಕ್ಕಿ ತೇವವನ್ನು ಹೀರುತ್ತದೆ.
2. ಎರಡನೆಯ ಲೋಟದಲ್ಲಿ ಮೊಳೆ ಅರ್ಧ ಮುಳುಗುವಷ್ಟು ನೀರು ಹಾಕಿ.
3. ಮೂರನೆಯದರಲ್ಲಿ, ಶಿಕ್ಷಕರ ಸಹಾಯದಿಂದ ಚೆನ್ನಾಗಿ ಕುದಿಸಿ ಆರಿಸಿದ ನೀರಿನಲ್ಲಿ ಮೊಳೆ ಪೂರ್ತಿ ಮುಳುಗಿಸಿ, ಮೇಲೆ ಎಣ್ಣೆಯ ಪದರ ಬಿಡಿ. ಕುದಿಸಿದಾಗ ನೀರಿನಲ್ಲಿ ಕರಗಿದ್ದ ಗಾಳಿ ಹೊರಹೋಗುತ್ತದೆ. ಎಣ್ಣೆ ಹೊಸ ಗಾಳಿಯನ್ನು ತಡೆಯುತ್ತದೆ.
4. ನಾಲ್ಕನೆಯದರಲ್ಲಿ ಉಪ್ಪು ನೀರು ಹಾಕಿ ಮೊಳೆ ಅರ್ಧ ಮುಳುಗಿಸಿ.
5. ಐದನೆಯ ಮೊಳೆಗೆ ಪೂರ್ತಿ ಉಗುರುಬಣ್ಣ ಹಚ್ಚಿ ಒಣಗಿಸಿ. ಒಂದು ಕಡೆ ಮಾತ್ರ ಗೀರು ಹಾಕಿ ಅರ್ಧ ನೀರಿನಲ್ಲಿಡಿ. ಗೀರು ನೀರಿನ ಮಟ್ಟದ ಬಳಿ ಇರಲಿ.

ಒಂದು ವಾರ ದಿನವೂ ನೋಡಿ ಬರೆದಿಡಿ. ಯಾವುದು ಮೊದಲು ತುಕ್ಕು ಹಿಡಿಯಿತು? ಐದನೆಯ ಮೊಳೆಯಲ್ಲಿ ತುಕ್ಕು ಎಲ್ಲಿಂದ ಆರಂಭವಾಯಿತು? ಕಾರಿನ ಬಣ್ಣ ಬರೀ ಅಂದಕ್ಕಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಹೊಳೆಯುವ ಭಾಗಗಳು

ನೂರು ವರ್ಷಕ್ಕೂ ಹಳೆಯ ಅನೇಕ ಕಾರುಗಳ ದೀಪ ಮತ್ತು ರೇಡಿಯೇಟರುಗಳು ಹಿತ್ತಾಳೆಯವು. ಆಮೇಲೆ ನಿಕ್ಕಲ್ ಲೇಪನ ಹೆಚ್ಚಾಯಿತು. 1920ರ ದಶಕದ ಕೊನೆಯಿಂದ ಕ್ರೋಮಿಯಂ ಲೇಪನ ಬಂತು. ನಿಕ್ಕಲ್‌ನ ಹೊಳಪಿನಲ್ಲಿ ಸ್ವಲ್ಪ ಹಳದಿ ಛಾಯೆ ಇರುತ್ತದೆ. ಕ್ರೋಮಿಯಂನಲ್ಲಿ ನಸು ನೀಲಿ ಛಾಯೆ. 1915ರ ಕಾರಿನ ದೀಪ ನೀಲಿಯಾಗಿ ಥಳಥಳ ಹೊಳೆಯುತ್ತಿದ್ದರೆ ಅದು ಆಮೇಲೆ ಮಾಡಿಸಿದ ಲೇಪನ ಎಂದು ಹೇಳಬಹುದು.

ಹಿತ್ತಾಳೆಯ ದೀಪವನ್ನು ಅಜ್ಜಿ ಯಾವುದರಿಂದ ತೊಳೆಯುತ್ತಾರೆ? ಹುಣಸೆಹಣ್ಣಿನಿಂದ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಅದರ ಮೇಲೆ ಕಟ್ಟುವ ಕಪ್ಪು ಪದರವನ್ನು ಹುಣಸೆಯ ಟಾರ್ಟಾರಿಕ್ ಆಮ್ಲ ಕರಗಿಸುತ್ತದೆ. ಆದರೆ ಪ್ರತಿ ಸಲ ಉಜ್ಜಿದಾಗಲೂ ಲೋಹ ಒಂದಿಷ್ಟು ಸವೆಯುತ್ತದೆ. ಹಳೆಯ ಪಾತ್ರೆಗಳ ಮೇಲೆ ಕೆತ್ತಿದ ಹೆಸರುಗಳು ಅಳಿಸಿಹೋಗಿರುವುದನ್ನು ನೀವು ನೋಡಿರಬಹುದು. ಕಾರಿನ ದೀಪದ ಮೇಲೂ ತಯಾರಿಸಿದವರ ಹೆಸರು ಇರುತ್ತದೆ. ಅತಿಯಾಗಿ ಉಜ್ಜಿದರೆ ಅದೂ ಮಾಯ.

ಅಂಬಾಸಿಡರಿನ ಬಂಪರಿಗೆ ಇರುವುದು ಕ್ರೋಮಿಯಂ. ಅದನ್ನು ವಿದ್ಯುಲ್ಲೇಪನದಿಂದ ಹಾಕುತ್ತಾರೆ. ಲೋಹದ ಲವಣಗಳಿರುವ ದ್ರಾವಣದಲ್ಲಿ ಬಂಪರನ್ನು ಮುಳುಗಿಸಿ ವಿದ್ಯುತ್ತಿನ ಋಣಧ್ರುವಕ್ಕೆ ಜೋಡಿಸಿದರೆ, ಲೋಹ ಅದರ ಮೇಲೆ ಬಂದು ಕೂರುತ್ತದೆ. ಸಾಮಾನ್ಯವಾಗಿ ಮೊದಲು ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮಿಯಂ. ಮೇಲಿನ ಕ್ರೋಮಿಯಂ ಪದರ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ತೆಳು! ಈ ದ್ರಾವಣಗಳು ವಿಷಕಾರಿ. ಅನುಮತಿ ಪಡೆದ ಘಟಕಗಳಲ್ಲೇ ಈ ಕೆಲಸ ಮಾಡಬೇಕು. ಉಳಿದ ನೀರನ್ನು ಕೆರೆಗೋ ಚರಂಡಿಗೋ ಬಿಡಬಾರದು.

ಎಚ್ಚರಿಕೆ!

ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಕಿತ್ತಳೆ ಬಣ್ಣದ ತಳಬಣ್ಣಕ್ಕೆ, ಹೊಳೆಯುವ ಹಳದಿಗೆ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಅದರ ದೂಳು ಉಸಿರಿನಲ್ಲಿ ಅಥವಾ ಕೈಯಿಂದ ಬಾಯಿಗೆ ಹೋದರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ತೊಂದರೆಯಾಗುತ್ತದೆ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿದೆ. ಅದಕ್ಕಿಂತ ಹಿಂದಿನ ಬಣ್ಣವನ್ನು ಕೆರೆಯುವಾಗ ಕೆಲಸಗಾರರು ಮುಖಕ್ಕೆ ಸರಿಯಾದ ಮುಸುಕು ಹಾಕಿಕೊಳ್ಳಬೇಕು, ಒಣದಾಗಿ ಉಜ್ಜದೆ ನೀರು ಹಾಕಿ ಉಜ್ಜಬೇಕು. ನೀವು ಗ್ಯಾರೇಜಿಗೆ ಹೋದರೆ ದೂರ ನಿಂತು ನೋಡಿ. ಮನೆಯ ಹಳೆಯ ಕಿಟಕಿ, ಪೆಟ್ಟಿಗೆಗಳ ಬಣ್ಣವನ್ನೂ ಕೆರೆಯಬೇಡಿ.

ಎಷ್ಟು ಮಾಡಿದರೆ ಸಾಕು?

ಈಗ ಕಷ್ಟದ ಪ್ರಶ್ನೆ. ನಮ್ಮ ಕಾರಿಗೆ ತಿಳಿ ನೀಲಿ ಬಣ್ಣ ಮತ್ತೆ ಕೊಟ್ಟೆವು ಎನ್ನೋಣ. ಆದರೆ ಅದು ವರ್ಷಗಟ್ಟಲೆ ಕಪ್ಪು ಟ್ಯಾಕ್ಸಿಯಾಗಿ ಜನರನ್ನು ಹೊತ್ತು ತಿರುಗಿದ್ದೂ ಅದರ ಇತಿಹಾಸವಲ್ಲವೇ? ಅದನ್ನು ಅಳಿಸಬಹುದೇ?

ಬಲ್ಲವರು ಇದಕ್ಕೆ ಒಂದು ದಾರಿ ಹೇಳುತ್ತಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವೊಂದು 1966ರಿಂದ ಕೆಲಸ ಮಾಡುತ್ತಿದೆ. 2012ರಲ್ಲಿ ಅದು ‘ಟ್ಯೂರಿನ್ ಸನ್ನದು’ ಎಂಬ ಮಾರ್ಗಸೂಚಿಯನ್ನು ಒಪ್ಪಿಕೊಂಡಿತು. ಸಾಧ್ಯವಾದಷ್ಟು ಇದ್ದುದನ್ನು ಉಳಿಸಿಕೊಳ್ಳಿ, ಅಗತ್ಯವಿದ್ದಷ್ಟೇ ಬದಲಾಯಿಸಿ, ಮಾಡಿದ್ದನ್ನೆಲ್ಲ ಬರೆದಿಡಿ ಎಂಬುದು ಅದರ ಸಾರ. ಹಾಗಾಗಿ ಜಾಣ ಕೆಲಸಗಾರರು ಪ್ರತಿ ಹಂತದಲ್ಲೂ ಫೋಟೋ ತೆಗೆಯುತ್ತಾರೆ. ಬಿಚ್ಚಿದ ಪ್ರತಿ ಬೋಲ್ಟಿಗೂ ಚೀಟಿ ಕಟ್ಟುತ್ತಾರೆ. ಸೀಟಿನ ಹಳೆಯ ಬಟ್ಟೆಯ ತುಂಡೊಂದನ್ನು ಎತ್ತಿಡುತ್ತಾರೆ. ಡಿಕ್ಕಿಯ ಒಳಗೆ ಅಂಗೈ ಅಗಲ ಜಾಗದಲ್ಲಿ ಎಲ್ಲ ಬಣ್ಣಗಳ ಪದರವನ್ನೂ ಮುಟ್ಟದೆ ಬಿಡುತ್ತಾರೆ. ಮುಂದೆ ಬರುವವರು ಅದನ್ನು ನೋಡಿ ಇಡೀ ಕಥೆ ಓದಿಕೊಳ್ಳಬಹುದು.

ಕಾನೂನು ಕೂಡ ಮೂಲ ರೂಪಕ್ಕೆ ಬೆಲೆ ಕೊಡುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷಕ್ಕಿಂತ ಹಳೆಯ ಕಾರು ಮತ್ತು ಬೈಕುಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಮಾಡದಿದ್ದರೆ ಮಾತ್ರ ಈ ನೋಂದಣಿ ಸಿಗುತ್ತದೆ. ಇಂತಹ ವಾಹನಗಳ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದು ಇರುತ್ತದೆ. ಅವನ್ನು ದಿನನಿತ್ಯದ ಓಡಾಟಕ್ಕೆ ಅಥವಾ ಬಾಡಿಗೆಗೆ ಬಳಸುವಂತಿಲ್ಲ.

ಹಳೆಯ ಕಾರುಗಳನ್ನು ನೋಡುವ ಆಸೆಯೇ? ಧರ್ಮಸ್ಥಳದಲ್ಲಿ ಕಾರುಗಳ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಸಂಗ್ರಹಾಲಯವಿದೆ. ಶಾಲಾ ಪ್ರವಾಸಕ್ಕೆ ಹೋದಾಗ ಬರೀ ಹೊಳಪು ನೋಡಿ ಬರಬೇಡಿ. ದೀಪ ಯಾವ ಲೋಹದ್ದು, ಬಣ್ಣ ಆ ಕಾಲಕ್ಕೆ ಒಪ್ಪುತ್ತದೆಯೇ ಎಂದು ಕೇಳಿ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಮನೆಯಲ್ಲಿ ತಾತನ ಸೈಕಲ್, ತಗಡಿನ ಪೆಟ್ಟಿಗೆ, ಹೊಲಿಗೆ ಯಂತ್ರ ಇರಬಹುದು. ಒಂದು ವಸ್ತುವನ್ನು ಆರಿಸಿಕೊಳ್ಳಿ. ಏನನ್ನೂ ಕೆರೆಯದೆ, ಕಣ್ಣಿನಿಂದಲೇ ಓದಿ. ಮುಚ್ಚಿದ ಜಾಗದಲ್ಲಿ ಯಾವ ಬಣ್ಣ ಇದೆ? ತಯಾರಿಸಿದ ಊರಿನ ಹೆಸರು ಎಲ್ಲಿದೆ? ಯಾವ ಭಾಗ ಆಮೇಲೆ ಬದಲಾಗಿದೆ? ಮನೆಯ ಹಿರಿಯರನ್ನು ಕೇಳಿ, ಚಿತ್ರ ಬರೆದು, ತರಗತಿಯಲ್ಲಿ ತೋರಿಸಿ. ಆ ವಸ್ತುವನ್ನು ಗುಜರಿಗೆ ಹಾಕಬೇಕೋ ಉಳಿಸಬೇಕೋ ಎಂದು ಮನೆಯವರು ಯೋಚಿಸುವಾಗ ನಿಮ್ಮ ಆ ಒಂದು ಪುಟ ನೆರವಿಗೆ ಬಂದೀತು.